ಲೂಪಿನ ಮೇಲಿನ ಅರ್ಧ

ಪಿಯುಸಿ ಮಕ್ಕಳಿಗೆ ಲಂಬ ವೃತ್ತದ ಚಲನೆ ಕಲಿಸಿ ಕಲಿಸಿ ನನಗೆ ಸಾಕಾಗಿಹೋಗಿದೆ. ಹಗ್ಗಕ್ಕೆ ಕಟ್ಟಿದ ಒಂದು ಕಲ್ಲು, ತುತ್ತತುದಿಯಲ್ಲಿ ಹಗ್ಗ ಸಡಿಲವಾಗದಿರಲು ಬೇಕಾದ ಕನಿಷ್ಠ ವೇಗ, ಉತ್ತರದ ಕೆಳಗೆ ಎರಡು ಗೆರೆ. ಬೆಳಿಗ್ಗೆ ಕಾಲೇಜಿನಲ್ಲಿ, ಮಧ್ಯಾಹ್ನ ಇನ್ನೊಂದು ಸೆಕ್ಷನ್ನಿಗೆ, ಸಂಜೆ ಹಂಪನಕಟ್ಟೆಯ ಕೋಚಿಂಗ್ ಕ್ಲಾಸಿನಲ್ಲಿ ಮತ್ತೊಮ್ಮೆ. ಈ ಕಲ್ಲನ್ನು ಯಾರು, ಯಾಕೆ ತಿರುಗಿಸುತ್ತಾರೆ ಎಂದು ಒಂದು ಮಗುವೂ ಈವರೆಗೆ ಕೇಳಿಲ್ಲ. ಪರೀಕ್ಷೆಗೆ ಬರುತ್ತದಾ ಎಂದು ಕೇಳುತ್ತಾರೆ. ಬರುತ್ತದೆ ಎನ್ನುತ್ತೇನೆ.

ಇಂಥ ನಾನು ಭಾನುವಾರ ಸಂಜೆಯಾದರೂ ಕಾಲು ಚಾಚಿ ಮಲಗಬೇಕಿತ್ತು. ಬದಲಿಗೆ ಅಣ್ಣನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಅವನ ತೊಡೆಯ ಮೇಲೆ ರೆಕ್ಕೆ ಕಳಚಿದ ಒಂದು ಆಟದ ವಿಮಾನವನ್ನೂ ಕೂರಿಸಿಕೊಂಡು, ಬಿಜೈಯಿಂದ ವಾಮಂಜೂರಿಗೆ ಹೋಗುತ್ತಿದ್ದೆ. ಆಟದ್ದು ಎಂದರೆ ಅಣ್ಣನಿಗೆ ಸಿಟ್ಟು ಬರುತ್ತದೆ. ಒಂದು ಮಾರಗಲ ರೆಕ್ಕೆಯ, ಬ್ಯಾಟರಿ ಮೋಟರಿನ, ರಿಮೋಟಿನಲ್ಲಿ ಹಾರುವ ವಿಮಾನ ಅದು. ವಾಮಂಜೂರಿನಲ್ಲಿ ಪರಿಚಯದವರ ಗದ್ದೆಯೊಂದಿದೆ. ಮೂರು ಕಡೆ ಮನೆ ಎದ್ದಿದ್ದರೂ ಅದೊಂದು ಹೇಗೋ ಉಳಿದುಕೊಂಡಿದೆ. ಕೊಯ್ಲಾಗಿ ಮಣ್ಣು ಒಣಗಿದ ಮೇಲೆ ಅದೇ ನಮ್ಮ ರನ್‌ವೇ.

ಅಣ್ಣ ಅರ್ಚಕ. ಅಪ್ಪನ ನಂತರ ನಮ್ಮ ಸಣ್ಣ ದೇವಸ್ಥಾನದ ಪೂಜೆ ಅವನದೇ. ಮದುವೆ ಬೇಡವೆಂದ. ಸಿನಿಮಾ, ಹೋಟೆಲು ಯಾವುದರ ಮೇಲೂ ಆಸೆಯಿಲ್ಲ. ಇದ್ದ ಒಂದೇ ಚಟ ಈ ವಿಮಾನ, ಅದರಲ್ಲೂ ಲೂಪ್ ಹೊಡೆಯುವುದು. ಅಂದರೆ ನೇರ ಹಾರುತ್ತಿರುವ ವಿಮಾನವನ್ನು ಮೇಲಕ್ಕೆತ್ತಿ, ತಲೆಕೆಳಗಾಗಿಸಿ, ಇಳಿಸಿ, ಹೊರಟ ಜಾಗಕ್ಕೇ ತರುವುದು. ಸಮುದ್ರದ ಗಾಳಿ ಬರುವ ಹೊತ್ತಿಗೆ ಪಂಚೆ ಮೇಲೆತ್ತಿ ಕಟ್ಟಿ, ಬಿಸಿಲು ಕಣ್ಣಿಗೆ ಬೀಳದಂತೆ ಉತ್ತರಕ್ಕೆ ಮುಖ ಮಾಡಿ ನಿಲ್ಲುತ್ತಿದ್ದ. ವಿಮಾನ ಗಾಳಿಗೆ ಎದುರಾಗಿ ಪಶ್ಚಿಮಕ್ಕೆ ಬರಬೇಕು. ರೆಕ್ಕೆ ಸಮ ಇರಬೇಕು, ಒಂದು ಕಡೆ ಚೂರು ವಾಲಿದರೂ ಸುತ್ತು ಓರೆಯಾಗಿ ಎಲ್ಲಿಗೋ ಹೋಗುತ್ತದೆ. ಎಡಗೈಯಲ್ಲಿ ಮೋಟರಿಗೆ ಪೂರ್ತಿ ವೇಗ ಕೊಟ್ಟು, ಬಲ ಹೆಬ್ಬೆರಳಿನ ಕಡ್ಡಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದರೆ ಮೂತಿ ಏಳುತ್ತದೆ.

ಬಹಳ ಕಾಲ ಅವನ ಲೂಪು ಗುಂಡಗೆ ಬರುತ್ತಿರಲಿಲ್ಲ. ಕೆಳಗೆ ಅಗಲ, ಮೇಲೆ ಚೂಪು. ಭಟ್ರ ಮನೆಯವರಿಗೆ ಮೊಟ್ಟೆ ಕಾಣುವುದು ಆಕಾಶದಲ್ಲಿ ಮಾತ್ರ ಎಂದು ನಾನು ಗೇಲಿ ಮಾಡುತ್ತಿದ್ದೆ. ಒಂದು ದಿನ ಗದ್ದೆಯ ಹುಣಿಯಲ್ಲಿ, ಬದುವಿನ ಮೇಲೆ ಕುಳಿತು ಮಣ್ಣಿನಲ್ಲಿ ಗೀಚಿ ವಿವರಿಸಿದೆ. ಇಲ್ಲಿ ನನ್ನ ಹಗ್ಗದ ಕೆಲಸ ಮಾಡುವುದು ರೆಕ್ಕೆ, ಅದು ಯಾವಾಗಲೂ ವೃತ್ತದ ನಡುವಿಗೆ ಎಳೆಯುತ್ತದೆ. ಕೆಳಗಿರುವಾಗ ರೆಕ್ಕೆ ವಿಮಾನದ ಭಾರವನ್ನೂ ಹೊರಬೇಕು, ದಾರಿಯನ್ನೂ ಬಗ್ಗಿಸಬೇಕು. ಮೇಲೆ ತಲೆಕೆಳಗಾಗಿರುವಾಗ ಭಾರವೇ ನಡುವಿನ ಕಡೆಗೆ ಎಳೆದುಕೊಡುತ್ತದೆ, ವೇಗವೂ ಕುಂದಿರುತ್ತದೆ. ಅಲ್ಲೂ ಕೆಳಗಿನಷ್ಟೇ ಎಳೆದರೆ ಸುತ್ತು ಬಿಗಿಯಾಗದೆ ಇನ್ನೇನು? ತೀರಾ ಎಳೆದರೆ ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿ ವಿಮಾನ ಬೀಳುತ್ತದೆ. ಹಾಗಾಗಿ ಮೇಲಿನ ಅರ್ಧದಲ್ಲಿ ಬೆರಳು ಸಡಿಲಿಸು, ಇಳಿಯಲು ತೊಡಗಿದಾಗ ಮೋಟರ್ ತಗ್ಗಿಸು, ಕೆಳಗೆ ಮತ್ತೆ ಎಳೆ. ಅಣ್ಣ ಮಣ್ಣನ್ನೇ ನೋಡುತ್ತಾ ಕುಳಿತ. ಮುಂದಿನ ವಾರ ಅವನ ಲೂಪು ಬಳೆಯ ಹಾಗೆ ಗುಂಡಗೆ ಬಂತು.

ನನಗೂ ಅವನೇ ಹಾರಿಸಲು ಕಲಿಸಿದ. ಎರಡು ರಿಮೋಟುಗಳನ್ನು ಜೋಡಿಸುವ ಒಂದು ವಯರ್ ಇರುತ್ತದೆ. ಕಲಿಸುವವರ ರಿಮೋಟಿನಲ್ಲೊಂದು ಸ್ವಿಚ್. ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಕಲಿಯುವವರ ಕೈಯಲ್ಲಿ, ಬೆರಳೆತ್ತಿದ ಕ್ಷಣ ಕಲಿಸುವವರ ಕೈಗೆ. ಇಷ್ಟು ವಿವರಿಸಿದ ನಾನೇ, ವಿಮಾನ ಮೇಲೆ ಹೋದಾಗ ಹಗ್ಗ ಸಡಿಲವಾದೀತೆಂಬ ಭಯದಲ್ಲಿ ಕಡ್ಡಿಯನ್ನು ಪೂರ್ತಿ ಎಳೆದುಬಿಡುತ್ತಿದ್ದೆ. ಪಾಠ ಬಾಯಿಗೆ ಬಂದಷ್ಟು ಸುಲಭವಾಗಿ ಬೆರಳಿಗೆ ಬರಲಿಲ್ಲ. ಅಣ್ಣ ಬೆರಳೆತ್ತಿ ವಿಮಾನವನ್ನು ಉಳಿಸಿಕೊಳ್ಳುತ್ತಿದ್ದ. ಒಂದು ದಿನವೂ ಗದರಲಿಲ್ಲ.

ಆಮೇಲೆ ಅವನ ಕೈ ನಡುಗಲು ಶುರುವಾಯಿತು. ಮೊದಲು ಚಹಾದ ಲೋಟ ಹಿಡಿದಾಗ, ಮತ್ತೆ ತೀರ್ಥದ ಉದ್ಧರಣೆ ಹಿಡಿದಾಗ. ಭಕ್ತರ ಅಂಗೈಗಿಂತ ಹೆಚ್ಚು ತೀರ್ಥ ನೆಲಕ್ಕೆ ಬೀಳುತ್ತಿತ್ತು. ಮಂಗಳಾರತಿಯ ಹೊತ್ತಿಗೆ ಜನ ದೇವರನ್ನು ಬಿಟ್ಟು ದೀಪವನ್ನು ನೋಡತೊಡಗಿದರು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಹೋಗುವಂಥದ್ದೂ ಅಲ್ಲ ಎಂದರು. ಮಾತ್ರೆ ತೆಗೆದುಕೊಂಡರೆ ನಿದ್ದೆ ಬರುತ್ತಿತ್ತು, ನಡುಕ ಹಾಗೇ ಇರುತ್ತಿತ್ತು. ಆರತಿಯನ್ನು ಅವನಾಗಿಯೇ ಬೇರೆಯವರಿಗೆ ಬಿಟ್ಟುಕೊಟ್ಟ. ಈಗ ಒಳಗೆ ಕುಳಿತು ಗಂಧ ತೇಯುತ್ತಾನೆ. ಅದಕ್ಕೆ ನಡುಕ ಅಡ್ಡಿಯಾಗುವುದಿಲ್ಲ. ಆಸ್ಪತ್ರೆ, ಕಾಲೇಜು, ಕೋಚಿಂಗ್, ಅಡುಗೆ ಎಂದು ಸುತ್ತಿ ನನಗೆ ಮಾತು ಬೇಡವಾಗಿತ್ತು. ಅವನ ಮುಖ ನೋಡಿದರೆ ಅಳು ಬರುತ್ತಿತ್ತು, ಅಳುವುದಕ್ಕೂ ಸುಸ್ತು.

ವಿಮಾನ ಅಟ್ಟದಲ್ಲಿ ಧೂಳು ತಿನ್ನುತ್ತಿತ್ತು. ಮೊನ್ನೆಯ ಕೊಯ್ಲು ಮುಗಿದ ಮೇಲೆ ಒಂದು ದಿನ ಅವನೇ ಅದನ್ನು ಇಳಿಸಿ ಒರೆಸಿದ.

"ಒಂದು ಲೂಪ್ ಸರಿಯಾಗಿ ಹೊಡೆದು ಹಾರಿಸುದು ನಿಲ್ಲಿಸ್ತೇನೆ. ನನ್ನ ಕೈಯಲ್ಲೇ ಆಗ್ಬೇಕು," ಎಂದ. "ನೀನು ಸ್ವಿಚ್ ಹಿಡ್ಕೊ."

ನಾವು ಮನೆಯಲ್ಲಿ ಆಡುವುದು ತುಳು. ಸ್ವಿಚ್ ಹಿಡ್ಕೊ ಎಂಬ ಮಾತು ಯಾವ ಭಾಷೆಯಲ್ಲಿ ಬಂದಿದ್ದರೂ ನನಗೆ ಇಷ್ಟವಾಗುತ್ತಿರಲಿಲ್ಲ. ನನಗೆ ಕಲಿಸಿದವನೇ ಕಲಿಯುವವರ ರಿಮೋಟನ್ನು ತಾನಾಗಿ ಎತ್ತಿಕೊಂಡಿದ್ದ.

ಸ್ಕೂಟರಿನಲ್ಲಿ ಹೊರಟ ಆ ಭಾನುವಾರ ವಿಮಾನವನ್ನು ಎಬ್ಬಿಸಿದ್ದು ನಾನು. ಎತ್ತರಕ್ಕೆ ಒಯ್ದು, ಗಾಳಿಗೆ ಎದುರು ತಿರುಗಿಸಿ, ಸ್ವಿಚ್ ಒತ್ತಿ ಹಿಡಿದೆ. ಅಣ್ಣ ವೇಗ ಕೊಟ್ಟು ಎಳೆದ. ಮೂತಿ ಏಳುವಾಗಲೇ ವಿಮಾನ ತಲೆ ಆಡಿಸಿದಂತೆ ಮೇಲೆ ಕೆಳಗೆ ಅದುರುತ್ತಿತ್ತು. ಪಕ್ಕದಲ್ಲಿ ಅವನ ಹೆಬ್ಬೆರಳೂ ಹಾಗೇ ಅದುರುತ್ತಿತ್ತು. ವಿಮಾನ ಬೆನ್ನ ಮೇಲೆ ಮಲಗುವ ಹೊತ್ತಿಗೆ ವೇಗ ಸತ್ತಿತ್ತು, ಇನ್ನೊಂದು ಅದುರಿದರೆ ಬೀಳುತ್ತದೆ ಅನ್ನಿಸಿತು. ನಾನು ಬೆರಳೆತ್ತಿದೆ. ಮೇಲಿನ ಅರ್ಧವನ್ನು ನಾನೇ ಸುತ್ತಿಸಿ, ಮೋಟರ್ ತಗ್ಗಿಸಿ, ಇಳಿಯುವಾಗ ಸದ್ದಿಲ್ಲದೆ ಮತ್ತೆ ಒತ್ತಿ ಅವನಿಗೆ ಕೊಟ್ಟೆ. ಲೂಪು ಗುಂಡಗೆ ಬಂತು. ಆಯಿತಲ್ಲ, ನೋಡು, ಎಷ್ಟು ಚಂದ ಬಂತು ಎಂದೆ. ಅವನು ಹೂಂ ಎಂದ. ಖುಷಿಗೆ ಮಾತು ಬರುತ್ತಿಲ್ಲ ಎಂದುಕೊಂಡೆ. ಇನ್ನು ಭಾನುವಾರ ಮಲಗಬಹುದು ಎಂದೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ವಾಪಸು ಹೊರಟೆವು. ಬಿಜೈಯಲ್ಲಿ ಸ್ಕೂಟರ್ ನಿಲ್ಲಿಸಿದ ಮೇಲೆ, ಅಣ್ಣ ಇಳಿಯದೆ ಹಿಂದಿನಿಂದಲೇ ಹೇಳಿದ.

"ಮೇಲೆ ಇರುವಾಗ ನನ್ನ ಬೆರಳು ನಡುಗ್ತಾ ಇತ್ತು. ವಿಮಾನ ನಡುಗ್ಲಿಲ್ಲ. ಅದೆಂತ ಮಾರಾಯ್ತಿ?"

ಬೀಳುತ್ತಿತ್ತು ಅಣ್ಣ ಎಂದೆ.

"ಬಿದ್ದಿದ್ರೆ ನನ್ನದೇ ಬೀಳ್ತಿತ್ತಲ್ಲ," ಎಂದ. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ವಿಮಾನವನ್ನು ಎತ್ತಿಕೊಂಡು ಒಳಗೆ ಹೋದ.

ಆ ವಾರ ಕ್ಲಾಸಿನಲ್ಲಿ ಕಲ್ಲು ಹಗ್ಗದ ಚಿತ್ರ ಬರೆದು, ವೃತ್ತದ ಮೇಲಿನ ಅರ್ಧವನ್ನು ಒರೆಸಿಬಿಟ್ಟೆ. ಅವನ ಆರತಿ ಹೋಯಿತು, ತೀರ್ಥ ಹೋಯಿತು, ಅವೆಲ್ಲ ಅವನಾಗಿ ಬಿಟ್ಟದ್ದು. ಇದೊಂದನ್ನು ಅವನು ಕೊಡುವ ಮೊದಲೇ ನಾನು ಕಿತ್ತುಕೊಂಡಿದ್ದೆ. ಅವನಿಗಾಗಿ ಎಷ್ಟು ಕಿತ್ತುಕೊಂಡೆನೋ, ನನ್ನ ಸುಸ್ತಿಗಾಗಿ ಎಷ್ಟೋ, ನನಗೇ ಗೊತ್ತಿಲ್ಲ.

ಮುಂದಿನ ಭಾನುವಾರ ನಾನೇ ಅವನನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ ಹೊರಡಿಸಿದೆ. ಗದ್ದೆಯಲ್ಲಿ ವಿಮಾನವನ್ನು ಎತ್ತರಕ್ಕೆ ಒಯ್ದು ಸ್ವಿಚ್ ಒತ್ತಿದೆ. ಅಣ್ಣ ಒಮ್ಮೆ ನನ್ನ ಬೆರಳಿನ ಕಡೆ ನೋಡಿ, ಎಳೆದ. ಅದುರುತ್ತಾ ಏರಿತು. ಮೇಲೆ ತಲೆಕೆಳಗಾಗಿ ಇನ್ನೂ ಜೋರಾಗಿ ಅದುರಿತು. ಸಂಜೆಯ ಬೆಳಕಿನಲ್ಲಿ ಅವನ ಕೈಯೇ ಅಲ್ಲಿ ನಡುಗುತ್ತಿರುವುದು ನನಗೆ ಕಂಡಿತು. ಒಂದು ರೆಕ್ಕೆ ವಾಲಿತು. ನನ್ನ ಬೆರಳು ಏಳಲು ಹೊರಟಿತು, ಒತ್ತಿ ಹಿಡಿದೆ, ಉಗುರು ಬೆಳ್ಳಗಾಗುವಷ್ಟು. ವಿಮಾನ ಓರೆಯಾಗಿ ಇಳಿಯಿತು, ಇಳಿಯುತ್ತಲೇ ಇತ್ತು, ಕೂಳೆಗೆ ತಾಗಿತು ಎನ್ನುವಾಗ ಮೂತಿ ಎತ್ತಿ, ಹೊರಟ ಜಾಗದಿಂದ ಎಷ್ಟೋ ದೂರ ಹೊರಬಂತು.

ಅಣ್ಣ ಉಸಿರು ಬಿಟ್ಟ. "ಎಂತ, ಹೇಗುಂಟು?"

"ಮೊಟ್ಟೆ," ಎಂದೆ. "ಅದೂ ಒಡೆದದ್ದು."

ಅವನು ನಕ್ಕ. ಎಷ್ಟೋ ತಿಂಗಳಾಗಿತ್ತು ಅವನು ನಕ್ಕು. ವಿಮಾನವನ್ನು ಗದ್ದೆಯ ಮೇಲೆ ದೊಡ್ಡದಾಗಿ ಒಂದು ಸುತ್ತು ತಂದ. ಅದುರುತ್ತಲೇ ಬಂತು. ನಾನು ಸ್ವಿಚ್ ಬಿಡಲಿಲ್ಲ, ಬೆರಳು ನೋಯುತ್ತಿತ್ತು.

"ಸಾಕು," ಎಂದ. "ಇನ್ನು ನೀನು ತಕೊ."

ಆಗ ಬೆರಳೆತ್ತಿದೆ.