ಡಿಕ್ಕಿಯಾದ ಒಂದು ಮಾತು

ಕಾರವಾರದ ನಮ್ಮ ಗ್ರಂಥಾಲಯದಲ್ಲಿ, ನನ್ನ ಮೇಜಿನ ಮೇಲ್ಗಡೆಯ ಗೋಡೆಗೆ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ವರ್ಷಾನುಗಟ್ಟಲೆ ಅಂಟಿಕೊಂಡಿತ್ತು. ಎಂಟು ಕಂಪ್ಯೂಟರುಗಳ ತಂತಿಗಳು ಬಂದು ಸೇರುವ ಅದಕ್ಕೆ ಹಬ್ ಎಂದು ಹೆಸರು. ಅದರ ಹಸಿರು ದೀಪಗಳು ಮಿನುಗುವುದನ್ನು ನೋಡುತ್ತಲೇ ಚಹಾ ಕುಡಿದವನು ನಾನು. ಅದು ಮಾಡುವುದೇನೆಂದು ಕೇಳಿದವನಲ್ಲ. ಕಳೆದ ವಾರ ಅದನ್ನು ಬಿಚ್ಚಿ, ಸ್ವಿಚ್ ಎಂಬ ಹೊಸದನ್ನು ಕೂರಿಸಲು ಬಂದ ಅಮದಳ್ಳಿಯ ಶ್ವೇತಾ ವಿವರಿಸಿದಳು. ಹಬ್ಬಿನೊಳಗೆ ಎಲ್ಲರಿಗೂ ಒಂದೇ ದಾರಿಯಂತೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಮಾತುಗಳು ಡಿಕ್ಕಿ ಹೊಡೆದು ಎರಡೂ ಕೆಡುತ್ತವಂತೆ. ಹೀಗೆ ಪರಸ್ಪರ ಡಿಕ್ಕಿಯಾಗಬಲ್ಲವರೆಲ್ಲ ಸೇರಿ ಒಂದು ‘ಕೊಲಿಷನ್ ಡೊಮೇನ್’. ಸ್ವಿಚ್ಚಿನಲ್ಲಾದರೆ ಒಂದೊಂದು ತಂತಿಗೂ ಅದರದೇ ವಲಯ.

“ನಿಮ್ಮ ಮೀಟಿಂಗ್ ಇದ್ದಂಗೇ ಸರ್,” ಎಂದಳು. “ಆದ್ರೆ ಕಂಪ್ಯೂಟರಿಗೆ ಡಿಕ್ಕಿ ಆದದ್ದು ಗೊತ್ತಾಗ್ತದೆ. ಕೆಟ್ಟದ್ದನ್ನ ಬಿಟ್ಟು, ಸ್ವಲ್ಪ ಕಾದು, ಮತ್ತೆ ಮೊದ್ಲಿಂದ ಹೇಳ್ತದೆ.”

ಎಷ್ಟು ಹೊತ್ತು ಕಾಯುವುದು ಎಂದೆ. ಇಬ್ಬರೂ ಒಂದೇ ಅಳತೆ ಕಾದರೆ ಮತ್ತೆ ಡಿಕ್ಕಿ. ಅದಕ್ಕೇ ಒಬ್ಬೊಬ್ಬರೂ ಲೆಕ್ಕವಿಲ್ಲದೆ ತೋಚಿದಷ್ಟು ಕಾಯುತ್ತಾರೆ, ಡಿಕ್ಕಿ ಮರುಕಳಿಸಿದಂತೆ ಕಾಯುವ ಮಿತಿಯೂ ಬೆಳೆಯುತ್ತದೆ ಎಂದಳು. ನನಗೆ ಅರ್ಥವಾಯಿತೋ ಇಲ್ಲವೋ ತಿಳಿಯದು. ಅಂಕೋಲೆಯ ಅಕ್ಕ ನೆನಪಾದಳು.

ಎರಡು ವರ್ಷದ ಹಿಂದೆ ಆಯಿಯನ್ನು, ಎಂದರೆ ನಮ್ಮ ತಾಯಿಯನ್ನು, ಕಾರಿನಲ್ಲಿ ಮಲಗಿಸಿಕೊಂಡು ದಕ್ಷಿಣದ ದೊಡ್ಡ ಆಸ್ಪತ್ರೆಗೆ ಹೊರಟಿದ್ದೆ. ಅಂಕೋಲೆಯಲ್ಲಿ ಹೆದ್ದಾರಿಯ ಪಕ್ಕಕ್ಕೇ ಅಕ್ಕನ ಮನೆ, ಅವಳನ್ನೂ ಹತ್ತಿಸಿಕೊಳ್ಳುವುದೆಂದಿತ್ತು. ಟೋಲ್ ನಾಕಾ ಹತ್ತಿರ ಬಂದಾಗ ಅವಳ ಫೋನು. ಅವಳು ಏನೋ ಕೇಳುತ್ತಿದ್ದಳು, ಅದೇ ಕ್ಷಣ ನಾನು “ನಾಕಾ” ಎಂದೆ. ನಾಕಾಕ್ಕೆ ಬಂದಿದ್ದೇವೆ, ರಸ್ತೆಗೆ ಬಂದು ನಿಲ್ಲು ಎನ್ನುವವನಿದ್ದೆ. ಫೋನು ಕಡಿದುಹೋಯಿತು. ನಮ್ಮ ಮನೆಮಾತು ಕೊಂಕಣಿ. ಅದರಲ್ಲಿ ನಾಕಾ ಎಂದರೆ ಬೇಡ. ರಸ್ತೆಬದಿಯಲ್ಲಿ ಅಕ್ಕ ಕಾಣಲಿಲ್ಲ. ಆಯಿ ಆಸ್ಪತ್ರೆಯಿಂದ ಮರಳಲಿಲ್ಲ. ‘ತಮ್ಮ ನನ್ನನ್ನು ಬಿಟ್ಟು ಹೋದ’ ಎಂದು ಅಕ್ಕ ನೆಂಟರೆದುರು ಅತ್ತಳಂತೆ. ‘ಬರಲೇ’ ಎಂದು ಕೇಳಿದವಳಿಗೆ ‘ಬೇಡ’ ಎಂದು ಕೇಳಿಸಿರಬೇಕೆಂದು ನಾನೇ ತೀರ್ಮಾನಿಸಿದೆ. ಅಂದಿನಿಂದ ನಮ್ಮ ನಡುವೆ ಮಾತಿಲ್ಲ.

ನೋಡಿ, ಒಡೆದ ಮಾತನ್ನು ಯಂತ್ರ ಎಸೆದುಬಿಡುತ್ತದೆ; ನಾವು ಚೂರನ್ನೇ ಇಡಿಯೆಂದು ತಿಳಿದು ಜೋಪಾನ ಮಾಡುತ್ತೇವೆ. ನನ್ನ ಬಳಿಯ ಚೂರನ್ನಾದರೂ ನಂಬಲೇ? ಹಿಂದಿನ ಸೀಟಿನಲ್ಲಿ ಆಯಿ, ಮುಂದೆ ಹಾಸಿಗೆ, ಚೀಲ. ಜಾಗವಿಲ್ಲ ಎಂಬ ಯೋಚನೆ ಆಗಲೇ ಬಂದಿತ್ತೇ, ಆಮೇಲೆ ನಾನು ಸೇರಿಸಿಕೊಂಡದ್ದೇ? ನನ್ನ ಆ ನಾಕಾ ಯಾವ ಭಾಷೆಯದ್ದಾಗಿತ್ತು?

ಶ್ವೇತಾ ಬಂದುಹೋದ ಮರುದಿನ ಅಕ್ಕನಿಗೆ ಫೋನು ಮಾಡಿದೆ. ನಾಕಾದ ಕತೆಯನ್ನು, ಜಾಗದ ಸಂಶಯವನ್ನೂ ಬಿಡದೆ, ಹೇಳಿದೆ. ಅವಳು ತಡೆಯದೆ ಕೇಳಿದಳು.

“ಬರ್ಲಾ ಅಂತ ನಾ ಕೇಳ್ಲೇ ಇಲ್ಲ ಮಾರಾಯಾ,” ಎಂದಳು. “ಆಯಿಗೆ ಗಂಜಿ ತರ್ಲಾ ಕೇಳಿದ್ದು. ನೀ ನಾಕಾ ಅಂದೆ. ಗಂಜಿ ತೆಗೆದಿಟ್ಟು, ಸೀರೆ ಬದಲಿಸಿ ರಸ್ತೆಗೆ ಬರುವಷ್ಟರಲ್ಲಿ ನಿನ್ನ ಕಾರು ಹೋಗಿತ್ತು. ನೀ ನಿಲ್ಸಲೇ ಇಲ್ಲ.”

ಹಾಗಾದರೆ ಇಷ್ಟು ದಿನ ನಾನು ಬಿಡಿಸುತ್ತಿದ್ದದ್ದು ಬೇರೆಯೇ ಗಂಟು. ಹೌದು, ನಿಲ್ಲಿಸಲಿಲ್ಲ ಎಂದೆ. ಅದೇ ಹೊತ್ತಿಗೆ ಅವಳೂ ಏನೋ ಎಂದಳು. ಇಬ್ಬರಿಗೂ ಕೇಳಿಸಲಿಲ್ಲ, ಇಬ್ಬರೂ ಸುಮ್ಮನಾದೆವು. ಅವಳ ಅಡುಗೆಮನೆಯಲ್ಲಿ ಕುಕ್ಕರ್ ಎರಡು ಸಲ ಕೂಗಿತು. ನಾನು ಫೋನಿಡಲಿಲ್ಲ. ಅವಳೂ ಇಡಲಿಲ್ಲ.