ಅಜ್ಜಿಗೆ ಬೇಡವಾದ ಎಣ್ಣೆಸ್ನಾನ

ಪುಣಜನೂರಿನ ನಮ್ಮ ಮನೆಯಲ್ಲಿ ಅಂದು ಅಪ್ಪ, ಚಿಕ್ಕಪ್ಪ, ನಾನು ಮತ್ತು ಮದುರೈ ಆಚೆಗೆ ಮದುವೆಯಾಗಿ ಹೋಗಿದ್ದ ಅತ್ತೆ ಕೂತಿದ್ದೆವು. ಸೊಂಟ ಮುರಿದು ಮಳೆಗಾಲದಿಂದ ಮಲಗೇ ಇದ್ದ ಅಜ್ಜಿ ಗೋಡೆ ಕಡೆ ತಿರುಗಿ ನಿದ್ದೆ ಹೋಗಿದ್ದಾಳೆಂದು ನಂಬಿದ್ದೆವು.

ತಾಯಿಯ ನರಳಾಟ ನೋಡಲಾರದೆ ಅತ್ತೆ ಕಣ್ಣೊರೆಸಿಕೊಂಡು ಅಂದರು: "ನಮ್ಮ ಕಡೆ ಇಂಥೋರ್ಗೆ ತಲೆ ತುಂಬ ಎಣ್ಣೆ ಬಳ್ದು, ತಣ್ಣೀರು ಉಯ್ದು, ಮೇಲಿಂದ ಮೇಲೆ ಎಳನೀರು ಕುಡಿಸ್ತಾರೆ ಕಣಪ್ಪ. ಜ್ವರ ಬಂದು ಸುಖವಾಗಿ ಓಗ್ಬುಡ್ತಾರೆ. ಊರಲ್ಲಿ ಯಾರೂ ತಪ್ಪು ಅನ್ನಲ್ಲ."

ಅಪ್ಪನಾಗಲಿ ಚಿಕ್ಕಪ್ಪನಾಗಲಿ ಬೇಡವೆನ್ನಲಿಲ್ಲ.

ಗೋಡೆ ಕಡೆಯಿಂದ ಅಜ್ಜಿಯ ದನಿ ಬಂತು. "ಮುರ್ದಿರೋದು ಸೊಂಟ ಕಣಮ್ಮಿ, ಕಿವಿ ಅಲ್ಲ. ನೋವು ನಂದು, ಜೀವ ನಂದು. ನನ್ನ ಒಂದು ಮಾತು ಕೇಳುದ್ರಾ? ಎಳನೀರು ಅಷ್ಟು ಚೆಂದಾಗಿದ್ರೆ ನೀನೇ ಕುಡಿ. ನಂಗೆ ಬಿಸಿ ಮುದ್ದೆ ತತ್ತಾ, ಓಗು."

ಅತ್ತೆ ಅಳುತ್ತಲೇ ನಕ್ಕು, ಎದ್ದು ಒಲೆ ಹಚ್ಚಿದರು.

ದಯಾಮರಣಕ್ಕೆ ಕಾನೂನು ಬೇಕೋ ಬೇಡವೋ ಎಂದು ಟಿವಿಯಲ್ಲಿ ದೊಡ್ಡವರು ವಾದಿಸುವಾಗ ನಾನು ಇಂದಿಗೂ ಜಗಳಕ್ಕೆ ನಿಲ್ಲುತ್ತೇನೆ. ನೋಡುವವರ ಸಂಕಟಕ್ಕೆ ಮಲಗಿದವರ ಜೀವ ತೆಗೆಯಬೇಡಿ. ಅವರೇ ಸಾಕೆಂದ ಮೇಲೆ ಹಿಡಿದಿಟ್ಟುಕೊಳ್ಳಲೂಬೇಡಿ. ಕಾನೂನು ಬರೆಯುವುದಾದರೆ ಮೊದಲು ಹಾಸಿಗೆಯಲ್ಲಿರುವವರನ್ನು ಕೇಳಿ ಬರೆಯಿರಿ.

ಮರುವರ್ಷ ಅಜ್ಜಿಗೆ ಗಂಟಲಲ್ಲಿ ಏನೂ ಇಳಿಯದಾಯಿತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಲು ಬಂದಾಗ ಅವಳು ಕೈ ಅಡ್ಡ ಹಿಡಿದು, "ಈಗ ಸಾಕು ಕಣ್ಲಾ, ಮನೆಗೆ ಓಗನ" ಎಂದು ಅಪ್ಪನಿಗೆ ಹೇಳಿದಳು. ಡಾಕ್ಟರು ಎಷ್ಟು ಗದರಿದರೂ ಬಗ್ಗದೆ ಅಪ್ಪ ಅವಳನ್ನು ಮನೆಗೆ ಕರೆತಂದರು. ಅದೇ ವಾರ ಅಜ್ಜಿ ತೀರಿಕೊಂಡಳು. ಅತ್ತೆ ಪಕ್ಕದಲ್ಲೇ ಇದ್ದರು.