ಗೌರಕ್ಕನಿಗೆಂದು ಉಳಿಸಿದ ಮಾತು

ಆಗೆಲ್ಲ ಕಾಯಿಲೆಯವರನ್ನು ನೋಡಲು ಬಂದವರು ಅವರನ್ನು ಎಬ್ಬಿಸಿ, "ನಾನ್ಯಾರು ಹೇಳು ನೋಡವ" ಎಂದು ಕೇಳದೆ ಹೋಗುತ್ತಿರಲಿಲ್ಲ. ಗುರುತು ಹಿಡಿದರೆ ಇನ್ನೂ ನಾಲ್ಕು ದಿನ ಇರುತ್ತಾರೆಂಬ ನಂಬಿಕೆ. ನಮ್ಮ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಐವತ್ತರ ದಶಕದ ಒಂದು ಅವರೆಕಾಯಿ ಕಾಲ. ನನಗೆ ಎಂಟು ವರ್ಷ. ಭೀಮನಬೀಡಿನ ನಮ್ಮ ನಡುಮನೆಯಲ್ಲಿ ದೊಡ್ಡವ್ವ ಮಲಗಿದ್ದಳು. ಹೊಟ್ಟೆಯ ಗಡ್ಡೆಗೆ ಇನ್ನು ಮದ್ದಿಲ್ಲವೆಂದು ಡಾಕ್ಟರು ಮನೆಗೆ ಕಳಿಸಿದ್ದರು. ನೋವಿಗಿಂತ ಸುಸ್ತೇ ಅವಳನ್ನು ತಿನ್ನುತ್ತಿತ್ತು. ಎರಡು ಗುಟುಕು ಗಂಜಿ ಕುಡಿದರೆ ಮಧ್ಯಾಹ್ನದವರೆಗೆ ಕಣ್ಣು ತೆರೆಯುತ್ತಿರಲಿಲ್ಲ. ಬಂದವರ ಹೆಸರು ಹೇಳಿ ಹೇಳಿ ಇನ್ನಷ್ಟು ಸೋಲುತ್ತಿದ್ದಳು. ಮನೆ ತುಂಬ ಅವರೆಯ ಸೊಗಡು, ಅದರ ಜೊತೆಗೇ ವಿಭೂತಿ ಮತ್ತು ಬೆವರಿನ ವಾಸನೆ. ಹೊಲದ ಮೂಲೆಯಲ್ಲಿ ಚಿಕ್ಕಪ್ಪ ಮುಳ್ಳು ಸವರಿ ಜಾಗ ಮಾಡಿದ್ದ. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವಳ ಒಬ್ಬಳೇ ಮಗಳು ಗೌರಕ್ಕ. ಹೆತ್ತವ್ವನೇ ಹಾಸಿಗೆ ಹಿಡಿದಿದ್ದರಿಂದ ಬದನಗುಪ್ಪೆಯ ಗಂಡನ ಮನೆಯಲ್ಲೇ ಬಾಣಂತಿಯಾಗಿದ್ದಳು. ಸೋಮವಾರ ಬರುತ್ತೇನೆಂದು ಹೇಳಿಕಳಿಸಿದ್ದಳು. ಹಿಂದಿನ ಸಂಜೆ ದೊಡ್ಡವ್ವ ನನ್ನ ಕೈ ಹಿಡಿದಳು.

"ಮಾದೇವಿ, ನಾಳ ಯಾರ್ನೂ ಒಳಕ್ಕ ಬುಡ್ಬೇಡ ಕಣಮ್ಮಿ. ಒಂದೆರಡು ಮಾತ್ಗಾಗೋಷ್ಟೇ ತ್ರಾಣ ಉಳ್ದದ. ಅದ ಗೌರಿಗ ಮಡಿಕಂಡಿವ್ನಿ."

ಸೋಮವಾರ ಗೋಪಾಲಸ್ವಾಮಿ ಬೆಟ್ಟದ ಮಂಜು ಕರಗುವ ಮೊದಲೇ ದೊಡ್ಡವರೆಲ್ಲ ಅವರೆ ಕೀಳಲು ಹೊಲಕ್ಕೆ ಹೋದರು. ನಾನು ಆಟದ ಐದು ಕಲ್ಲು ಹಿಡಿದು ಬಾಗಿಲಲ್ಲಿ ಕೂತೆ. ಮೊದಲು ಬಂದವಳು ಪಕ್ಕದ ಬೀದಿಯ ನಂಜತ್ತೆ.

"ಮನಗವ್ಳ ಕಣತ್ತ, ಆಮೇಕ ಬನ್ನಿ," ಅಂದೆ.

"ನೋಡಕ್ ಬಂದೋರ್ನ ಬಾಗ್ಲಲ್ಲೇ ಓಗು ಅಂದಿಯೇನಮ್ಮಿ?" ಎಂದು ಗೊಣಗುತ್ತ ಹೋದಳು. ಹೀಗೆ ನಾಲ್ಕು ಜನರನ್ನು ಸಾಗಹಾಕಿದೆ. ನನಗೋ ಎಲ್ಲಿಲ್ಲದ ಜಂಬ.

ಬಿಸಿಲೇರಿತು. ಒಳಗೆ ಸದ್ದೇ ಇಲ್ಲ, ಕೆಮ್ಮೂ ಇಲ್ಲ. ಹೋಗಿ ನೋಡಿದೆ. ದೊಡ್ಡವ್ವನ ಬಾಯಿ ತುಸು ತೆರೆದಿತ್ತು, ತುಟಿಯ ಮೇಲೆ ನೊಣ ಕೂತಿತ್ತು. ಎದೆ ಏಳುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಹೊಲದ ಮೂಲೆಯ ಆ ಜಾಗ ಯಾರಿಗೆಂದು ಆಗ ಹೊಳೆಯಿತು. ಭುಜ ಹಿಡಿದು ಅಲ್ಲಾಡಿಸಿದೆ.

"ದೊಡ್ಡವ್ವ, ದೊಡ್ಡವ್ವ! ನಾನ್ಯಾರು ಹೇಳು!"

ಕಣ್ಣು ತೆರೆದಳು. ಬಹಳ ಹೊತ್ತು ನನ್ನನ್ನೇ ನೋಡಿದಳು. "ಮಾದೇವಿ," ಅಂದಳು. ಕಣ್ಣಿನ ಕೊನೆಯಿಂದ ನೀರಿಳಿಯಿತು. ಮತ್ತೆ ಮುಚ್ಚಿಕೊಂಡಳು.

ಗೌರಕ್ಕ ಬಂದಾಗ ಹೊತ್ತು ನೆತ್ತಿಗೇರಿತ್ತು. ಕೂಸನ್ನು ಪಕ್ಕದಲ್ಲಿ ಮಲಗಿಸಿ ಅವ್ವಾ ಅವ್ವಾ ಎಂದು ಕರೆದಳು, ಕೆನ್ನೆ ಸವರಿದಳು. ದೊಡ್ಡವ್ವನಿಗೆ ಉಸಿರಿತ್ತು, ಮಾತಿರಲಿಲ್ಲ. ಮಾರನೆಯ ದಿನ ಉಸಿರೂ ಹೋಯಿತು.

"ಅವ್ವ ಕೊನೇಲಿ ಏನಂದ್ಲಮ್ಮಿ?" ಎಂದು ಗೌರಕ್ಕ ನನ್ನನ್ನು ತಬ್ಬಿಕೊಂಡು ಕೇಳಿದಳು.

"ಗೌರಿ ಅಂದ್ಲು ಕಣಕ್ಕ," ಅಂದೆ.

ಆಮೇಲೆ ಆಯುಷ್ಯವಿಡೀ, ಸಿಕ್ಕಾಗೆಲ್ಲ ಅವಳು ಅದನ್ನೇ ಕೇಳಿದಳು, ನಾನು ಅದನ್ನೇ ಹೇಳಿದೆ. ಈಗಿನ ನರ್ಸುಗಳು, ರೋಗಿಗೆ ತ್ರಾಣವಿರುವ ಹೊತ್ತು ನೋಡಿ ಬೇಕಾದವರನ್ನು ಕರೆಸಿ, ಉಳಿದಂತೆ ಸುಮ್ಮನೆ ಮಲಗಲು ಬಿಡಿ ಅನ್ನುತ್ತಾರೆ. ದೊಡ್ಡವ್ವನಿಗೆ ಅದು ಯಾರೂ ಹೇಳಿಕೊಡದೆ ಗೊತ್ತಿತ್ತು.

ಹೋದ ವರ್ಷ ಗೌರಕ್ಕನೂ ಹಾಸಿಗೆ ಹಿಡಿದಳು. ಈ ಸಲ ನಿಜ ಹೇಳಿಬಿಡಬೇಕೆಂದೇ ಹೋಗಿದ್ದೆ. ಅವಳಿಗೂ ಮಾತಾಡುವ ಶಕ್ತಿ ಉಳಿದಿರಲಿಲ್ಲ. ನನ್ನನ್ನು ಕಂಡು ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ, "ಗೌರಿ ಅಂದ್ಲು, ಅಲ್ವಾಮ್ಮಿ?" ಅಂದಳು.

"ಊ ಕಣಕ್ಕ," ಅಂದೆ. ಈಗ ನಿಜ ಹೇಳಬೇಕೆಂದರೂ ಕೇಳಬೇಕಾದವಳು ಇಲ್ಲ.